ಎತ್ತರದ ಊರಿನಲ್ಲಿ ಐರಿಷ್ ಸೋಡಾ ಬ್ರೆಡ್

ಅಡುಗೆ ಕೆಟ್ಟಾಗ ಮನೆಯ ತಾಯಿ ಮೊದಲು ಶಂಕಿಸುವುದು ತನ್ನ ಕೈಯನ್ನೇ. ಹಿಟ್ಟು ಹಳೆಯದಿರಬಹುದು, ಉರಿ ಸಾಲದೆ ಹೋಗಿರಬಹುದು, ನೀರು ಗಡುಸಾಗಿರಬಹುದು. ಆದರೆ ಅವುಗಳ ಕಡೆಗೆ ಗಮನ ಹರಿಯುವುದು ಆಮೇಲೆ. “ಯಾಕೋ ಇವತ್ತು ಕೈ ಸರಿಯಿಲ್ಲ” ಎಂಬ ಮಾತನ್ನು ನಾವೆಲ್ಲರೂ ನಮ್ಮ ತಾಯಂದಿರ ಬಾಯಿಂದ ಕೇಳಿದ್ದೇವೆ. ಅರವತ್ತು ವರ್ಷ ಒಲೆಯ ಮುಂದೆ ನಿಂತ ಹಿರಿಯರೊಬ್ಬರು ದಿನದಿನವೂ ಆ ಮಾತನ್ನು ಆಡತೊಡಗಿದರೆ ಅದು ಕೇವಲ ಅಡುಗೆಯ ಮಾತಾಗಿ ಉಳಿಯುವುದಿಲ್ಲ. ತಾನು ಯಾರಿಗೂ ಬೇಡವಾದೆನೆಂಬ ನೋವು ಅದರ ಹಿಂದೆ ಅಡಗಿರುತ್ತದೆ. ಅಂಥ ಒಬ್ಬ ತಾಯಿಯನ್ನು ನಾವು ನಮ್ಮೂರಿನಿಂದ ಬಹುದೂರದಲ್ಲಿ, ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಕಂಡೆವು. ಅವರು ನಮ್ಮ ಭಾಷೆಯವರಲ್ಲ, ನಮ್ಮ ದೇಶದವರೂ ಅಲ್ಲ. ಅವರ ಅಡುಗೆಯೂ ನಮ್ಮದಲ್ಲ. ಆದರೂ ಅವರ ಮನೆಯ ಬ್ರೆಡ್ಡಿನ ಕಥೆಯನ್ನು ನಮ್ಮ ಬಂಧುಗಳ ಮುಂದೆ ಇಡಬೇಕೆನಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಇಲ್ಲಿ ‘ನಾವು’ ಎಂದರೆ ದಂಪತಿಗಳಿಬ್ಬರೂ ಎಂದು ಓದುಗರು ತಿಳಿಯಬೇಕು. ನಮ್ಮಲ್ಲೊಬ್ಬರು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಇನ್ನೊಬ್ಬರು ನಲವತ್ತು ವರ್ಷ ಜೋಳದ ರೊಟ್ಟಿ ಬಡಿದವರು. ಮುಂದೆ ಬರುವ ಸಂಗತಿಗಳನ್ನು ಅರಿಯಲು ಈ ಎರಡೂ ಅನುಭವಗಳು ಬೇಕಾದವು.

ಮೈಲಿ ಎತ್ತರದ ಮನೆ

2024ರ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆಂದು ನಾವು ಡೆನ್ವರ್ ನಗರಕ್ಕೆ ಹೋದೆವು. ಈ ನಗರ ಸಮುದ್ರಮಟ್ಟದಿಂದ 5,280 ಅಡಿ, ಅಂದರೆ ಸರಿಯಾಗಿ ಒಂದು ಮೈಲಿ ಎತ್ತರದಲ್ಲಿದೆ. ‘ಮೈಲಿ ಎತ್ತರದ ನಗರ’ ಎಂದೇ ಅದಕ್ಕೆ ಹೆಸರು. ನಮ್ಮ ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆಯೆಂಬುದನ್ನು ನೆನೆದರೆ ಅಲ್ಲಿನ ಎತ್ತರದ ಕಲ್ಪನೆ ಬಂದೀತು.

ಹೋದ ಮೊದಲ ವಾರದಲ್ಲಿಯೇ ಅಲ್ಲಿನ ಒಲೆ ನಮಗೆ ಪಾಠ ಹೇಳಿತು. ಪಾತ್ರೆಯಲ್ಲಿ ಇಟ್ಟ ತೊಗರಿಬೇಳೆ ಕುದಿದು ಕುದಿದು ನೀರು ಬತ್ತಿದರೂ ಬೇಯಲಿಲ್ಲ. ತೇವವಿಲ್ಲದ ಗಾಳಿಯಲ್ಲಿ ನಾದಿಟ್ಟ ಕಣಕ ಅರ್ಧ ಗಂಟೆಯಲ್ಲಿ ಮೇಲೆ ಒಣಗಿ ಬಿರುಕು ಬಿಟ್ಟಿತು. “ಅವ್ವಾ, ಇಲ್ಲಿ ನೀರು ತೊಂಬತ್ತೈದು ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯುವುದು ಕಷ್ಟ” ಎಂದು ಮಗಳು ನಕ್ಕಳು. ಶಾಲೆಯಲ್ಲಿ ಎಷ್ಟೋ ಸಾರಿ ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದ ಪಾಠವೇ ಅದು. ಆದರೆ ಅನ್ನದ ತಟ್ಟೆಯ ಮುಂದೆ ಕುಳಿತಾಗ ನೆನಪಾಗಿರಲಿಲ್ಲ.

ಮಗಳ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ತಾಯಿ ಮಗನ ಸಂಸಾರದೊಡನೆ ಇದ್ದರು. ಅವರ ತಂದೆತಾಯಿಗಳು ಐರ್ಲೆಂಡಿನ ಕಾರ್ಕ್ ಜಿಲ್ಲೆಯಿಂದ ಬಂದು ಬಾಸ್ಟನ್ ನಗರದಲ್ಲಿ ನೆಲೆಸಿದವರಂತೆ. ಈ ತಾಯಿ ಹುಟ್ಟಿ, ಬೆಳೆದು, ಮದುವೆಯಾಗಿ, ಗಂಡನನ್ನು ಕಳೆದುಕೊಂಡದ್ದೂ ಕಡಲತೀರದ ಆ ಬಾಸ್ಟನ್ನಿನಲ್ಲಿಯೇ. ಒಂಟಿಯಾಗಿ ಇರುವುದು ಬೇಡವೆಂದು ಮಗ ಹಿಂದಿನ ವರ್ಷ ಡೆನ್ವರಿಗೆ ಕರೆತಂದಿದ್ದ. ಮೊಮ್ಮಗು ಹುಟ್ಟಿದ ಸುದ್ದಿ ತಿಳಿದು ನಮ್ಮನ್ನು ನೋಡಲು ಬಂದ ದಿನ ಅವರು ಬಟ್ಟೆಯಲ್ಲಿ ಸುತ್ತಿದ ಒಂದು ದುಂಡನೆಯ ಬ್ರೆಡ್ ತಂದಿದ್ದರು. ಕೊಡುವಾಗಲೇ ಮುಖ ಸಣ್ಣದು ಮಾಡಿಕೊಂಡು, “ಇದು ಚೆನ್ನಾಗಿಲ್ಲ, ಕ್ಷಮಿಸಬೇಕು. ಇಲ್ಲಿಗೆ ಬಂದ ಮೇಲೆ ನನ್ನ ಕೈ ಹೋಗಿಬಿಟ್ಟಿದೆ” ಎಂದರು.

ಅವರ ಮಾತು ಉಪಚಾರಕ್ಕೆ ಆಡಿದ್ದಾಗಿರಲಿಲ್ಲ. ಬ್ರೆಡ್ಡಿನ ನಡುಭಾಗ ಕುಸಿದಿತ್ತು. ಮುರಿದರೆ ಪುಡಿಪುಡಿಯಾಗಿ ಉದುರುತ್ತಿತ್ತು. ನಾಲಗೆಯ ಮೇಲಿಟ್ಟರೆ ಸಾಬೂನಿನಂಥ ಒಗರು. ಆದರೆ ಅದನ್ನು ತಂದ ಮನಸ್ಸು ದೊಡ್ಡದಾದ್ದರಿಂದ ನಾವು ಅದನ್ನು ತುಪ್ಪ ಸವರಿ ಸಂತೋಷವಾಗಿಯೇ ತಿಂದೆವು. ಮಾತನಾಡುತ್ತ ಹೋದಂತೆ ಆ ತಾಯಿಯ ಅಳಲು ತಿಳಿಯಿತು. ಬಾಸ್ಟನ್ನಿನಲ್ಲಿ ಅವರ ಬ್ರೆಡ್ಡಿಗಾಗಿ ನೆಂಟರಿಷ್ಟರು ಕಾಯುತ್ತಿದ್ದರು. ಇಲ್ಲಿ ಸೊಸೆ ಏನೂ ಅನ್ನದಿದ್ದರೂ ಮೊಮ್ಮಕ್ಕಳು ತಟ್ಟೆಯಲ್ಲಿಯೇ ಬಿಟ್ಟು ಏಳುತ್ತಿದ್ದರು. ವಾರಕ್ಕೊಮ್ಮೆ ಮಾಡುತ್ತಿದ್ದವರು ತಿಂಗಳಿಗೊಮ್ಮೆ ಮಾಡಲು ತೊಡಗಿದ್ದರು. ಅದನ್ನೂ ನಿಲ್ಲಿಸಿಬಿಡುವ ಯೋಚನೆಯಲ್ಲಿದ್ದರು.

ನಾಲ್ಕೇ ಪದಾರ್ಥಗಳ ಬ್ರೆಡ್

ಐರಿಷ್ ಸೋಡಾ ಬ್ರೆಡ್ ಎಂದರೇನೆಂದು ಇಲ್ಲಿ ಸ್ವಲ್ಪ ವಿವರಿಸಬೇಕು. ಇದು ಹುದುಗು, ಅಂದರೆ ಯೀಸ್ಟ್ ಇಲ್ಲದ ಬ್ರೆಡ್. ಗೋಧಿಯ ಹಿಟ್ಟು, ಅಡುಗೆ ಸೋಡಾ, ಉಪ್ಪು, ಮಜ್ಜಿಗೆ ಈ ನಾಲ್ಕೇ ಅದರ ಪದಾರ್ಥಗಳು. ಮೊಟ್ಟೆಯಿಲ್ಲ, ಕೊಬ್ಬಿಲ್ಲ, ಸಕ್ಕರೆಯೂ ಇಲ್ಲ. ಆದ್ದರಿಂದ ಶಾಕಾಹಾರಿ ಮನೆಗಳಲ್ಲಿ ನಿಶ್ಚಿಂತೆಯಿಂದ ಮಾಡಿ ತಿನ್ನಬಹುದು. ಆದರೆ ಒಂದು ಎಚ್ಚರಿಕೆಯ ಮಾತು: ಅಮೆರಿಕದ ಅಂಗಡಿಗಳಲ್ಲಿ ಇದೇ ಹೆಸರಿನಿಂದ ಮಾರುವ ಸಿಹಿ ಬ್ರೆಡ್ಡಿಗೆ ಅನೇಕ ಕಡೆ ಮೊಟ್ಟೆ, ಬೆಣ್ಣೆ, ಸಕ್ಕರೆ, ಒಣದ್ರಾಕ್ಷಿಗಳನ್ನು ಸೇರಿಸಿರುತ್ತಾರೆ. ಮಕ್ಕಳ ಮನೆಗೆ ಹೋದ ನಮ್ಮವರು ಕೊಳ್ಳುವಾಗ ಪೊಟ್ಟಣದ ಮೇಲಿನ ಬರಹವನ್ನು ಓದಿ ಕೊಳ್ಳುವುದು ಒಳ್ಳೆಯದು.

ಈ ಬ್ರೆಡ್ ಬಡವರ ಮನೆಯಲ್ಲಿ ಬೆಳೆದದ್ದು. ಐರ್ಲೆಂಡಿನ ತೇವದ ಹವೆಯಲ್ಲಿ ಬೆಳೆಯುವ ಗೋಧಿ ಮೆದು ಜಾತಿಯದು. ಅದರ ಹಿಟ್ಟಿನಲ್ಲಿ ಜಿಗುಟು ಕಡಿಮೆ. ಹುದುಗು ಹಾಕಿ ಉಬ್ಬಿಸುವ ಬ್ರೆಡ್ಡಿಗೆ ಅದು ಹೇಳಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಅಡುಗೆ ಸೋಡಾ ಜನಬಳಕೆಗೆ ಬಂದಾಗ ಈ ಹಿಟ್ಟಿಗೆ ತಕ್ಕ ಜೊತೆ ದೊರೆಯಿತು. 1836ರ ವೇಳೆಗಾಗಲೇ ಈ ವಿಧಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. 1845ರಿಂದ ಆಲೂಗಡ್ಡೆಯ ಬೆಳೆ ರೋಗಕ್ಕೆ ತುತ್ತಾಗಿ ಐರ್ಲೆಂಡಿನಲ್ಲಿ ಮಹಾಕ್ಷಾಮ ತಲೆದೋರಿತು. ಏಳು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟಕ್ಕೂ ಕಡಿಮೆಯಿಲ್ಲದಷ್ಟು ಜನ ಹಡಗು ಹತ್ತಿ ದೇಶ ಬಿಟ್ಟರು. ಆ ಶತಮಾನದ ಉತ್ತರಾರ್ಧದಲ್ಲಿ ಸೋಡಾ ಬ್ರೆಡ್ ಐರಿಷ್ ಮನೆಗಳ ದಿನನಿತ್ಯದ ಆಹಾರವಾಯಿತು.

ಹಳ್ಳಿಯ ಗುಡಿಸಲುಗಳಲ್ಲಿ ಬ್ರೆಡ್ ಸುಡುವ ಗೂಡು ಇರಲಿಲ್ಲ. ಮೂರು ಕಾಲಿನ ಕಬ್ಬಿಣದ ಪಾತ್ರೆಯೊಳಗೆ ಹಿಟ್ಟಿನ ಮುದ್ದೆಯನ್ನಿಟ್ಟು, ಮುಚ್ಚಳ ಹಾಕಿ, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ಸೌದೆಯ ಬದಲು ಜೌಗುನೆಲದಿಂದ ಕಡಿದು ಒಣಗಿಸಿದ ಹೆಂಟೆಗಳು ಉರುವಲಾಗಿದ್ದವು. ಉತ್ತರದ ಕಡೆಯವರು ಅದೇ ಹಿಟ್ಟನ್ನು ತಟ್ಟಿ, ನಾಲ್ಕು ಭಾಗ ಮಾಡಿ, ಹೆಂಚಿನ ಮೇಲೆ ಸುಡುತ್ತಿದ್ದರು. ಬೆಣ್ಣೆ ಕಡೆದ ಮೇಲೆ ಉಳಿಯುವ ಮಜ್ಜಿಗೆಯೇ ಅವರಿಗೆ ಹುಳಿ. ಈ ಸಂಗತಿಯನ್ನು ಆ ತಾಯಿ ಹೇಳಿದಾಗ ನಮಗೆ ಆಶ್ಚರ್ಯವೂ ಸಂತೋಷವೂ ಆಯಿತು. ಕಡೆಗೋಲು, ಬೆಣ್ಣೆ, ಮಜ್ಜಿಗೆ ಇವು ಯಾವ ದೇಶದ ದನ ಕಟ್ಟಿದ ಮನೆಗೂ ಹೊಸತಲ್ಲವಷ್ಟೆ!

ಸೋಡಾದ ಲೆಕ್ಕ

ಅಡುಗೆ ಸೋಡಾ ಕ್ಷಾರ, ಮಜ್ಜಿಗೆ ಹುಳಿ. ಎರಡೂ ಕೂಡಿದ ಕ್ಷಣದಲ್ಲಿಯೇ ಇಂಗಾಲದ ಡೈಆಕ್ಸೈಡ್ ಅನಿಲ ಹುಟ್ಟುತ್ತದೆ. ಮಿರ್ಚಿ ಭಜಿಯ ಹಿಟ್ಟಿಗೆ ಚಿಟಿಕೆ ಸೋಡಾ ಹಾಕುವ ನಮ್ಮ ಗೃಹಿಣಿಯರಿಗೆ ಆ ಗುಳ್ಳೆಗಳ ಪರಿಚಯವಿದೆ. ಬ್ರೆಡ್ಡಿನ ಹಿಟ್ಟಿನೊಳಗೆ ಸಿಕ್ಕಿಕೊಂಡ ಗುಳ್ಳೆಗಳು ಬಿಸಿಗೆ ಹಿಗ್ಗಿ ಅದನ್ನು ಉಬ್ಬಿಸುತ್ತವೆ. ಅಷ್ಟರಲ್ಲಿ ಹಿಟ್ಟು ಬೆಂದು ಗಟ್ಟಿಯಾಗಿ ಆ ಆಕಾರವನ್ನು ಹಿಡಿದು ನಿಲ್ಲಿಸುತ್ತದೆ. ಉಬ್ಬುವುದು ಮತ್ತು ಗಟ್ಟಿಯಾಗುವುದು ಎರಡೂ ಸರಿಯಾದ ಹೊತ್ತಿಗೆ ಆಗಬೇಕು. ಬ್ರೆಡ್ಡಿನ ಗುಟ್ಟೆಲ್ಲ ಇರುವುದು ಇಲ್ಲಿಯೇ.

ಒಂದು ಬಟ್ಟಲು ಮಜ್ಜಿಗೆಯ ಹುಳಿಗೆ ಸುಮಾರು ಅರ್ಧ ಟೀ ಚಮಚ ಸೋಡಾ ಸಾಕು. ಅದಕ್ಕಿಂತ ಹೆಚ್ಚಾದರೆ ಉಳಿದ ಸೋಡಾವನ್ನು ತಣಿಸಲು ಹುಳಿ ಸಾಲದು. ಅದು ಹಾಗೆಯೇ ಉಳಿದು ಸಾಬೂನಿನ ಒಗರನ್ನು ಕೊಡುತ್ತದೆ; ಬ್ರೆಡ್ಡಿನ ಒಳಭಾಗ ಹಳದಿ ಬಣ್ಣಕ್ಕೆ ತಿರುಗುತ್ತದೆ.

ಈಗ ಎತ್ತರದ ಮಾತಿಗೆ ಬರೋಣ. ನಾವು ಮೇಲೆ ಹೋದಂತೆ ನಮ್ಮ ಮೇಲಿನ ಗಾಳಿಯ ಭಾರ ಕಡಿಮೆಯಾಗುತ್ತದೆ. ಡೆನ್ವರಿನಲ್ಲಿ ಅದು ಸಮುದ್ರಮಟ್ಟದಲ್ಲಿ ಇರುವುದಕ್ಕಿಂತ ಸುಮಾರು ನೂರಕ್ಕೆ ಹದಿನೇಳು ಪಾಲು ಕಡಿಮೆ. ಹೊರಗಿನ ಒತ್ತಡ ಕಡಿಮೆಯಾದ ಮೇಲೆ ಒಳಗಿನ ಗುಳ್ಳೆಗೆ ತಡೆಯಿಲ್ಲ. ಅಷ್ಟೇ ಅನಿಲ ಅಲ್ಲಿ ಐದನೇ ಒಂದು ಪಾಲು ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಗುಳ್ಳೆಗಳು ಮಿತಿಮೀರಿ ಹಿಗ್ಗಿ ಒಡೆಯುತ್ತವೆ. ಉಬ್ಬಿದ ಬ್ರೆಡ್ ನಡುವೆ ಕುಸಿಯುತ್ತದೆ, ಇಲ್ಲವೇ ದೊಡ್ಡ ದೊಡ್ಡ ರಂಧ್ರಗಳಾಗಿ ಪುಡಿಯಾಗುತ್ತದೆ. ಇದರ ಜೊತೆಗೆ ನೀರು ಬೇಗ ಆವಿಯಾಗುವುದರಿಂದ ಹಿಟ್ಟಿನ ಪಸೆ ಆರುತ್ತದೆ. ಕೊಲರಾಡೊ ಸೀಮೆಯ ಗಾಳಿ ಮೊದಲೇ ಒಣಗಾಳಿ. ಡಬ್ಬಿಯಲ್ಲಿಟ್ಟ ಹಿಟ್ಟೂ ಅಲ್ಲಿ ಒಣಗಿರುತ್ತದೆ.

ಆ ತಾಯಿ ಮಾಡಿದ್ದೇನೆಂದರೆ, ಬ್ರೆಡ್ ಕುಸಿದದ್ದನ್ನು ಕಂಡು ಸೋಡಾ ಸಾಲದಾಯಿತೆಂದು ಭಾವಿಸಿದ್ದರು. ಬಾಸ್ಟನ್ನಿನಲ್ಲಿ ಒಂದು ಟೀ ಚಮಚ ಹಾಕುತ್ತಿದ್ದವರು ಇಲ್ಲಿ ಒಂದೂಕಾಲು, ಕಡೆಗೆ ಒಂದೂವರೆ ಚಮಚಕ್ಕೆ ಏರಿಸಿದ್ದರು. ಹೆಚ್ಚಿಸಿದಷ್ಟೂ ಬ್ರೆಡ್ ಹೆಚ್ಚು ಕುಸಿಯಿತು, ಹೆಚ್ಚು ಒಗರಾಯಿತು. ಯಾರೇ ಆಗಲಿ ಹಾಗೆಯೇ ಮಾಡುತ್ತಿದ್ದರು. ಕಣ್ಣಿಗೆ ಕೊರತೆಯಂತೆ ಕಂಡದ್ದು ನಿಜವಾಗಿ ಅತಿಯಾದುದರ ಫಲವೆಂದು ತಿಳಿಯುವುದು ಸುಲಭವಲ್ಲ.

ಮೂರು ಸಲದ ಪ್ರಯತ್ನ

ಹಿರಿಯರಿಗೆ ಅವರ ಅಡುಗೆಯ ವಿಷಯದಲ್ಲಿ ಬುದ್ಧಿ ಹೇಳುವುದು ನಮಗೆ ಸರಿಯೆನಿಸಲಿಲ್ಲ. ಆದ್ದರಿಂದ, “ಈ ಬ್ರೆಡ್ ಮಾಡುವುದನ್ನು ನಮಗೆ ಕಲಿಸಿಕೊಡಿ” ಎಂದು ಕೇಳಿಕೊಂಡೆವು. ಅವರು ಮೊದಲು ಹಿಂಜರಿದರು. ನಮ್ಮ ಬೇಳೆ ಬೇಯದ ಕಥೆಯನ್ನು ಮಗಳಿಂದ ಕೇಳಿ ಬಹಳ ನಕ್ಕರು. ಮರುದಿನ ಬೆಳಿಗ್ಗೆ ತಮ್ಮದೇ ಜರಡಿಯನ್ನು ಹಿಡಿದು ಬಂದರು.

ನಮ್ಮಲ್ಲಿ ಮೇಷ್ಟರಾಗಿದ್ದವರು ಕಾಗದದ ಮೇಲೆ ಎರಡು ಗುಳ್ಳೆಗಳ ಚಿತ್ರ ಬರೆದು ಗಾಳಿಯ ಒತ್ತಡದ ಸಂಗತಿಯನ್ನು ವಿವರಿಸಿದರು. ಮಗಳು ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದಳು. ಸೋಡಾವನ್ನು ಕಡಿಮೆ ಮಾಡಬೇಕೆಂದಾಗ ಆ ತಾಯಿ ನಂಬಲಿಲ್ಲ. “ಕುಸಿದುಹೋಗುವ ಬ್ರೆಡ್ಡಿಗೆ ಇನ್ನೂ ಕಡಿಮೆಯೇ?” ಎಂದರು. ಆದರೂ ಅತಿಥಿಗಳ ಮಾತೆಂದು ಒಪ್ಪಿದರು.

ಮೊದಲ ದಿನ ನಾವು ಅತ್ಯುತ್ಸಾಹದಿಂದ ಸೋಡಾವನ್ನು ಅರ್ಧ ಚಮಚಕ್ಕೆ ಇಳಿಸಿಬಿಟ್ಟೆವು. ಬ್ರೆಡ್ ಕುಸಿಯಲಿಲ್ಲ, ನಿಜ. ಆದರೆ ಉಬ್ಬಲೂ ಇಲ್ಲ. ಕಲ್ಲಿನಂತೆ ಗಟ್ಟಿಯಾಗಿ, ಹುಳಿಯಾಗಿ, ಮೇಲೆ ಬಣ್ಣವೇ ಬಾರದೆ ಬಿಳಿಚಿಕೊಂಡಿತು. ಕ್ಷಾರ ಕಡಿಮೆಯಾದರೆ ಮೇಲ್ಪದರ ಕೆಂಪಗಾಗುವುದಿಲ್ಲವೆಂಬ ಸಂಗತಿ ಆಗ ತಿಳಿಯಿತು. ಎರಡನೆಯ ಸಲ ಮುಕ್ಕಾಲು ಚಮಚ ಹಾಕಿದೆವು. ಕುಸಿತ ನಿಂತಿತು, ಒಗರು ಹೋಯಿತು, ಆದರೆ ಒಣಗಿ ಪುಡಿಯಾಗುವ ದೋಷ ಉಳಿಯಿತು. ಮೂರನೆಯ ಸಲ ಸೋಡಾ ಅಷ್ಟೇ ಇಟ್ಟು ಮಜ್ಜಿಗೆಯನ್ನು ಮೂರು ದೊಡ್ಡ ಚಮಚ ಹೆಚ್ಚಿಸಿ, ಓವನ್ನಿನ ಶಾಖವನ್ನು ಹತ್ತು ಡಿಗ್ರಿ ಏರಿಸಿದೆವು.

ಆ ದಿನ ಓವನ್ನಿನ ಗಾಜಿನ ಬಾಗಿಲ ಮುಂದೆ ಆ ತಾಯಿ ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟರು. ನಲವತ್ತು ನಿಮಿಷಗಳ ಮೇಲೆ ಹೊರತೆಗೆದು, ಬಟ್ಟೆಯಲ್ಲಿ ಹಿಡಿದು, ತಿರುವಿ, ತಳಕ್ಕೆ ಬೆರಳ ಗೆಣ್ಣಿನಿಂದ ತಟ್ಟಿದರು. ಮಡಕೆ ತಟ್ಟಿದಂತೆ ಟೊಳ್ಳು ಸದ್ದು ಬಂದಿತು. ಒಳಗೆ ಬೆಂದಿರುವುದಕ್ಕೆ ಅದೇ ಗುರುತು. ಅವರು ಮಾತಾಡಲಿಲ್ಲ. ಇನ್ನೊಮ್ಮೆ ತಟ್ಟಿದರು. ಆಮೇಲೆ ತಮ್ಮ ಎರಡೂ ಅಂಗೈಗಳನ್ನು ಮುಂದೆ ಚಾಚಿ ನೋಡಿಕೊಂಡು, “ಹಾಗಾದರೆ ಇವು ಕೆಟ್ಟಿರಲಿಲ್ಲ” ಎಂದರು. ಮಗಳು ಅದನ್ನು ಕನ್ನಡಕ್ಕೆ ಹೇಳುವ ಅಗತ್ಯ ಬೀಳಲಿಲ್ಲ.

ಮಾಡುವ ವಿಧಾನ

ಓದುಗ ಸೋದರಿಯರ ಅನುಕೂಲಕ್ಕಾಗಿ ಆ ತಾಯಿ ಕಲಿಸಿದ ವಿಧಾನವನ್ನು ಇಲ್ಲಿ ಕೊಡುತ್ತಿದ್ದೇವೆ.

ಸಮುದ್ರಮಟ್ಟದ ಊರುಗಳಿಗೆ ಬೇಕಾಗುವ ಸಾಮಗ್ರಿಗಳು: ಮೈದಾ ಹಿಟ್ಟು 450 ಗ್ರಾಂ, ಅಡುಗೆ ಸೋಡಾ ಒಂದು ಟೀ ಚಮಚ (ತಲೆ ಸಮ ಮಾಡಿದ್ದು), ಉಪ್ಪು ಒಂದು ಟೀ ಚಮಚ, ಹುಳಿ ಮಜ್ಜಿಗೆ 350ರಿಂದ 400 ಮಿಲಿಲೀಟರ್. ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಬೆರೆಸಿದರೆ ಕಂದು ಬಣ್ಣದ ಬ್ರೆಡ್ ಆಗುತ್ತದೆ. ಆಗ ಮಜ್ಜಿಗೆ ತುಸು ಹೆಚ್ಚು ಬೇಕು. ಮಜ್ಜಿಗೆ ತೀರ ನೀರಾಗಿರಬಾರದು. ಮೊಸರನ್ನು ಕಡೆದು ದಪ್ಪವಾಗಿ ಮಾಡಿಕೊಂಡದ್ದಿರಬೇಕು. ಮಜ್ಜಿಗೆ ಇಲ್ಲದಿದ್ದರೆ ಒಂದು ಬಟ್ಟಲು ಹಾಲಿಗೆ ಒಂದು ದೊಡ್ಡ ಚಮಚ ನಿಂಬೆರಸ ಹಿಂಡಿ ಹತ್ತು ನಿಮಿಷ ಬಿಟ್ಟು ಉಪಯೋಗಿಸಬಹುದು.

ಹಿಟ್ಟು, ಸೋಡಾ, ಉಪ್ಪುಗಳನ್ನು ಕೂಡಿಸಿ ಎರಡು ಸಲ ಜರಡಿ ಹಿಡಿಯಬೇಕು. ಸೋಡಾದ ಗಂಟು ಉಳಿದರೆ ಆ ಜಾಗದಲ್ಲಿ ಕಹಿಯಾಗುತ್ತದೆ. ಅಗಲವಾದ ಪಾತ್ರೆಯಲ್ಲಿ ಹಿಟ್ಟಿನ ನಡುವೆ ಗುಳಿ ಮಾಡಿ ಮಜ್ಜಿಗೆಯನ್ನು ಸುರಿದು, ಬೆರಳುಗಳನ್ನು ಬಿಡಿಸಿಕೊಂಡು ಒಂದೇ ಕೈಯಿಂದ ಸುತ್ತ ಆಡಿಸಿ ಕಲಸಬೇಕು. ಚಪಾತಿಯ ಕಣಕದಂತೆ ನಾದಬಾರದು. ನಮ್ಮ ಕೈ ತಾನಾಗಿಯೇ ನಾದಲು ಹೋಗುತ್ತದೆ. ಆ ತಾಯಿ ಎರಡು ಸಲ ನಮ್ಮ ಮುಂಗೈ ಹಿಡಿದು ನಿಲ್ಲಿಸಿದರು. ನಾದಿದರೆ ಜಿಗುಟು ಬಂದು ಬ್ರೆಡ್ ಗಟ್ಟಿಯಾಗುತ್ತದೆ. ತಡಮಾಡಿದರೆ ಗುಳ್ಳೆಗಳು ಹಿಟ್ಟು ಒಲೆ ಸೇರುವ ಮೊದಲೇ ಆರಿಹೋಗುತ್ತವೆ. ಆದ್ದರಿಂದ ಓವನ್ನನ್ನು ಮೊದಲೇ ಕಾಯಿಸಿಟ್ಟುಕೊಂಡಿರಬೇಕು.

ಹಿಟ್ಟನ್ನು ದುಂಡಗೆ ಮಾಡಿ, ಒಂದೂವರೆ ಅಂಗುಲ ದಪ್ಪಕ್ಕೆ ಮೆಲ್ಲನೆ ಒತ್ತಿ, ಚಾಕುವಿನಿಂದ ಅಂಚಿನಿಂದ ಅಂಚಿಗೆ ಅಧಿಕ ಚಿಹ್ನೆಯಂತೆ ಆಳವಾಗಿ ಎರಡು ಗೀರು ಹಾಕಬೇಕು. ಯಕ್ಷಿಣಿಯರು ಹೊರಗೆ ಹೋಗಲೆಂದು ಈ ಗೀರು ಎಂದು ಐರ್ಲೆಂಡಿನ ಅಜ್ಜಿಯರು ಮಕ್ಕಳಿಗೆ ಹೇಳುತ್ತಾರಂತೆ. ದಪ್ಪನಾದ ನಡುಭಾಗಕ್ಕೆ ಶಾಖ ತಲುಪಲು ಅದು ದಾರಿ ಮಾಡಿಕೊಡುತ್ತದೆಂಬುದು ವಿಜ್ಞಾನದ ಮಾತು. 230 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದಿನೈದು ನಿಮಿಷ, ಆಮೇಲೆ 200 ಡಿಗ್ರಿಗೆ ಇಳಿಸಿ ಇಪ್ಪತ್ತೈದರಿಂದ ಮೂವತ್ತು ನಿಮಿಷ ಬೇಯಿಸಬೇಕು.

ಎತ್ತರದ ಊರುಗಳಲ್ಲಿ ಮಾಡಬೇಕಾದ ಬದಲಾವಣೆ ಹೀಗೆ. ಸುಮಾರು 3,000 ಅಡಿಯ ಬೆಂಗಳೂರಿನಂಥ ಊರಿನಲ್ಲಿ ಸೋಡಾವನ್ನು ಒಂದು ಚಿಟಿಕೆಯಷ್ಟು ಕಡಿಮೆ ಮಾಡಿ, ಮಜ್ಜಿಗೆಯನ್ನು ಒಂದೆರಡು ದೊಡ್ಡ ಚಮಚ ಹೆಚ್ಚಿಸಿದರೆ ಸಾಕು. ಡೆನ್ವರಿನಂತೆ 5,000 ಅಡಿಯ ಮೇಲಿರುವ ಕಡೆ ಸೋಡಾ ಮುಕ್ಕಾಲು ಚಮಚ, ಮಜ್ಜಿಗೆ 400ರಿಂದ 430 ಮಿಲಿಲೀಟರ್ ಇರಲಿ. ಎರಡನೆಯ ಹಂತದ ಶಾಖ 210 ಡಿಗ್ರಿ ಇರಲಿ. ಸುಮಾರು 7,300 ಅಡಿಯ ಊಟಿಯಲ್ಲಿ ನೆಲೆಸಿರುವ ನಮ್ಮವರು ಮುಕ್ಕಾಲು ಚಮಚದಿಂದ ಆರಂಭಿಸಿ, ಬ್ರೆಡ್ ಪುಡಿಯಾಗುವಂತಿದ್ದರೆ ಸೋಡಾವನ್ನು ಇನ್ನೊಂದು ಚಿಟಿಕೆ ತಗ್ಗಿಸಿ ನೋಡಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಸೋಡಾ, ಮಜ್ಜಿಗೆ, ಶಾಖ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂಬುದು ತಿಳಿಯದು. ಬದಲಾಯಿಸಿದ ಅಳತೆಯನ್ನು ಕ್ಯಾಲೆಂಡರಿನ ಹಾಳೆಯ ಹಿಂದೆಯಾದರೂ ಬರೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ಹತ್ತು ಸಾವಿರ ಅಡಿಯ ಮೇಲೆ

ಕೈ ಕುದುರಿದ ಮೇಲೆ ಆ ತಾಯಿಗೆ ಒಂದು ಆಸೆ ಹುಟ್ಟಿತು. ಡೆನ್ವರಿನಿಂದ ಸುಮಾರು ನೂರು ಮೈಲಿ ದೂರದಲ್ಲಿ, ರಾಕಿ ಪರ್ವತಗಳ ನಡುವೆ, ಹತ್ತು ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿ ಲೆಡ್‌ವಿಲ್ ಎಂಬ ಊರಿದೆ. ಅಲ್ಲಿ ಐರಿಷ್ ಜನರ ಸ್ಮಾರಕವೊಂದಿದೆಯೆಂದು ಕೇಳಿದ್ದ ಅವರು ಅದನ್ನು ನೋಡಬೇಕೆಂದರು. ಆಗಸ್ಟ್ ತಿಂಗಳ ಒಂದು ಭಾನುವಾರ ಅವರ ಮಗ ನಮ್ಮನ್ನೂ ಜೊತೆಗೆ ಕರೆದುಕೊಂಡು ಹೋದ. ಹಿಂದಿನ ರಾತ್ರಿ ಮಾಡಿದ ಬ್ರೆಡ್ಡನ್ನು ಆ ತಾಯಿ ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕುಳಿತಿದ್ದರು.

1870ರ ದಶಕದ ಕೊನೆಯಲ್ಲಿ ಲೆಡ್‌ವಿಲ್‌ನಲ್ಲಿ ಬೆಳ್ಳಿಯ ಅದಿರು ಸಿಕ್ಕಿತು. ದುಡಿಯಲು ಸಾವಿರಾರು ಜನ ಬೆಟ್ಟ ಹತ್ತಿದರು. ಅವರಲ್ಲಿ ಐರಿಷರು ಬಹುಮಂದಿ. ಕಾರ್ಕ್ ಜಿಲ್ಲೆಯ ಬೇರಾ ಪರ್ಯಾಯದ್ವೀಪದ ತಾಮ್ರದ ಗಣಿಗಳಲ್ಲಿ ಕೆಲಸ ತಿಳಿದವರೂ ಅವರಲ್ಲಿ ಇದ್ದರು. ಸಮುದ್ರದ ದಡದಲ್ಲಿ ಹುಟ್ಟಿದವರು ಈಗ ವರ್ಷದ ಬಹುಭಾಗ ಹಿಮ ಬೀಳುವ ಬೆಟ್ಟದ ಮೇಲೆ ನೆಲದೊಳಗೆ ದುಡಿಯಬೇಕಾಯಿತು. ಹೆಚ್ಚಿನ ಕೂಲಿಗಾಗಿ, ಎಂಟು ಗಂಟೆಯ ದುಡಿಮೆಗಾಗಿ 1880ರಲ್ಲಿ ಮುಷ್ಕರ ಹೂಡಿದಾಗ ಅದರ ಮುಂದಾಳು ಮೈಕೆಲ್ ಮೂನಿ ಎಂಬ ಐರಿಷ್ ಗಣಿಗಾರನೇ. ಆ ಮುಷ್ಕರ ಮುರಿದುಬಿತ್ತು. 1893ರಲ್ಲಿ ಬೆಳ್ಳಿಯ ಬೆಲೆಯೂ ಕುಸಿಯಿತು.

ಗಣಿಯ ಅಪಘಾತಗಳಿಂದ, ನ್ಯುಮೋನಿಯದಿಂದ ಸತ್ತವರನ್ನು ಊರಿನ ಸ್ಮಶಾನದ ಉಚಿತ ಭಾಗದಲ್ಲಿ ಹೂಳಿದರು. ಕಲ್ಲು ನಿಲ್ಲಿಸಲು ಹಣವಿರಲಿಲ್ಲ. ಯುವಕರೇ ಹೆಚ್ಚಿನವರು, ಮಕ್ಕಳೂ ಅನೇಕ. ನೂರು ವರ್ಷಗಳಿಗೂ ಮೇಲೆ ಅವರು ಪೈನ್ ಮರಗಳ ನಡುವೆ ಹೆಸರಿಲ್ಲದೆ ಮಲಗಿದ್ದರು. ಇತಿಹಾಸ ಬಲ್ಲವರು ಹಳೆಯ ದಾಖಲೆಗಳನ್ನು ಶೋಧಿಸಿ ಸಾವಿರಕ್ಕೂ ಮಿಕ್ಕಿ ಹೆಸರುಗಳನ್ನು ಕಲೆಹಾಕಿದರು. 2023ರ ಸೆಪ್ಟೆಂಬರಿನಲ್ಲಿ ಆ ಹೆಸರುಗಳನ್ನು ಹೊತ್ತ ಸ್ಮಾರಕ ಅಲ್ಲಿ ಎದ್ದುನಿಂತಿತು. ಮರಗಳ ನಡುವೆ ನಡೆದರೆ ನೆಲ ಅಲ್ಲಲ್ಲಿ ಉದ್ದುದ್ದವಾಗಿ ತಗ್ಗಿರುವುದು ಕಾಣುತ್ತದೆ. ಒಂದೊಂದು ತಗ್ಗೂ ಒಂದೊಂದು ಗೋರಿ. ಕೆಲವು ಬಹಳ ಚಿಕ್ಕವು.

ನಾವು ಏದುಸಿರು ಬಿಡುತ್ತ ನಿಧಾನವಾಗಿ ನಡೆದೆವು. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡಕ್ಕಿಂತ ನೂರಕ್ಕೆ ಮೂವತ್ತರಷ್ಟು ಕಡಿಮೆ. ನೀರು ತೊಂಬತ್ತು ಡಿಗ್ರಿಗೇ ಕುದಿಯುತ್ತದೆ. ಹಿಟ್ಟಿನಲ್ಲಿ ಪಸೆ ಇರುವವರೆಗೂ ಬ್ರೆಡ್ಡಿನ ನಡುಭಾಗ ಅದಕ್ಕಿಂತ ಬಿಸಿಯಾಗಲಾರದು. ಸೋಡಾವನ್ನು ಮೂರನೇ ಒಂದು ಪಾಲು ಕಡಿಮೆ ಮಾಡಿ, ಮಜ್ಜಿಗೆಯನ್ನು ಇನ್ನಷ್ಟು ಹೆಚ್ಚಿಸಿ, ಹತ್ತು ನಿಮಿಷ ಹೆಚ್ಚಿಗೆ ಬೇಯಿಸಿದರೆ ಮಾತ್ರ ಅಲ್ಲಿ ಸೋಡಾ ಬ್ರೆಡ್ ಸರಿಬಂದೀತು. ಈ ಲೆಕ್ಕವನ್ನು ನಾವು ಮಾತಿಗೆ ಹೇಳಿದೆವು. ಆ ತಾಯಿ ಬಹಳ ಹೊತ್ತು ಹೆಸರುಗಳನ್ನು ಓದುತ್ತ ನಿಂತಿದ್ದವರು ತಿರುಗಿ, “ಇಲ್ಲಿಯ ಹೆಂಗಸರಿಗೆ ಇದನ್ನು ಯಾರು ಹೇಳಿದ್ದರು? ಅವರೂ ತಮ್ಮ ಕೈಯನ್ನೇ ಬಯ್ದುಕೊಂಡಿರಬೇಕು” ಎಂದರು. ಅವರು ತಂದಿದ್ದ ಬ್ರೆಡ್ಡನ್ನು ಮುರಿದು ನಮಗೆಲ್ಲ ಹಂಚಿದರು. ಒಂದು ತುಂಡನ್ನು ಮರದ ಬುಡದಲ್ಲಿದ್ದ ಒಂದು ಚಿಕ್ಕ ತಗ್ಗಿನ ಬಳಿ ಇಟ್ಟು ಬಂದರು.

ನಮ್ಮ ಮನೆಗಳಿಗೂ ಒಂದು ಮಾತು

ಅಕ್ಟೋಬರಿನಲ್ಲಿ ನಾವು ಊರಿಗೆ ಹಿಂದಿರುಗಿದೆವು. ಬೀಳ್ಕೊಡುವ ದಿನ ಆ ತಾಯಿ ತಮ್ಮ ಜರಡಿಯನ್ನೇ ಉಡುಗೊರೆಯಾಗಿ ಕೊಟ್ಟರು. ಅವರ ಮೊಮ್ಮಗಳೊಬ್ಬಳು ಈಗ ಭಾನುವಾರದ ಬ್ರೆಡ್ ಕಲಸಲು ಅಜ್ಜಿಯ ಪಕ್ಕದಲ್ಲಿ ನಿಲ್ಲುತ್ತಾಳೆಂದು ಮಗಳು ದೂರವಾಣಿಯಲ್ಲಿ ತಿಳಿಸಿದಳು.

ಇಂದು ನಮ್ಮ ಎಷ್ಟೋ ಮನೆಗಳ ಹಿರಿಯರು ಮಕ್ಕಳ ಜೊತೆಗಿರಲು ಹುಟ್ಟಿದ ಊರನ್ನು ಬಿಟ್ಟು ಹೋಗುತ್ತಾರೆ. ಕೆಲವರು ಹುಬ್ಬಳ್ಳಿಯಿಂದ ಬೆಂಗಳೂರಿಗೆ, ಕೆಲವರು ಕಡಲಾಚೆಗೆ. ಹೊಸ ಊರಿನ ನೀರು ಬೇರೆ, ಹಿಟ್ಟು ಬೇರೆ, ಒಲೆ ಬೇರೆ. ಇಡ್ಲಿಯ ಹಿಟ್ಟು ಚಳಿಗೆ ಹುಳಿಯುವುದಿಲ್ಲ. ಪೊಟ್ಟಣದ ಜೋಳದ ಹಿಟ್ಟಿನ ರೊಟ್ಟಿ ಹೆಂಚಿನ ಮೇಲೆ ಒಡೆಯುತ್ತದೆ. “ನನ್ನ ಕೈ ಹೋಯಿತು” ಎಂದು ಅವರು ಒಲೆಯಿಂದ ಹಿಂದೆ ಸರಿಯುತ್ತಾರೆ. ಮಕ್ಕಳು, “ಬಿಡವ್ವಾ, ಹೊರಗಿಂದ ತರಿಸೋಣ” ಎಂದು ಪ್ರೀತಿಯಿಂದಲೇ ಅನ್ನುತ್ತಾರೆ. ಆ ಮಾತು ಅವರಿಗೆ ಎಷ್ಟು ನಾಟುತ್ತದೆಂಬುದು ಮಕ್ಕಳಿಗೆ ತಿಳಿಯದು.

ಅಂಥ ಹೊತ್ತಿನಲ್ಲಿ ಮನೆಯ ಮಕ್ಕಳೂ ಸೊಸೆಯಂದಿರೂ ಒಂದು ಗಳಿಗೆ ಅವರ ಪಕ್ಕದಲ್ಲಿ ನಿಂತು ನೋಡಬೇಕೆಂದು ನಮ್ಮ ವಿನಂತಿ. ಹಿಟ್ಟಿನಲ್ಲಿ ಏನು ಬದಲಾಗಿದೆ, ಶಾಖ ಎಷ್ಟಿದೆ, ಊರಿನ ಹವೆ ಎಂಥದು ಎಂದು ಒಟ್ಟಿಗೆ ವಿಚಾರಿಸಬೇಕು. ಕೊರತೆಯೆಂದು ತೋರಿದಲ್ಲಿ ಹೆಚ್ಚು ಸುರಿಯುವ ಮೊದಲು, ತುಸು ಕಡಿಮೆ ಮಾಡಿಯೂ ನೋಡಬೇಕು. ಮೂರು ಸಲ ಮಾಡಿದರೆ ಮೂರನೆಯದಾದರೂ ಸರಿಬರುತ್ತದೆ. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಈಗ ಆ ಜರಡಿ ತೂಗುತ್ತಿದೆ. ಈ ಊರಿಗೆ ಸೋಡಾ ಒಂದು ಚಿಟಿಕೆ ಕಡಿಮೆ ಎಂಬ ಚೀಟಿಯನ್ನು ಅದರ ಹಿಡಿಗೆ ಕಟ್ಟಿಟ್ಟಿದ್ದೇವೆ.